ಭಾವನ ಸಾಕ್ಷಿ

ವಾರವೆಲ್ಲ ಬೇಕರಿಯ ವ್ಯಾನಿನಲ್ಲಿ ಅಂಗಡಿ ಅಂಗಡಿಗೆ ಬ್ರೆಡ್ಡು ಹಾಕುವ ಮನುಷ್ಯ ಶನಿವಾರ ಬಂತೆಂದರೆ ರೇಸ್ ಕಾರಿನಲ್ಲಿ ಕೂರುತ್ತಾನೆ ಎಂದರೆ ನಗುವವರೇ ಹೆಚ್ಚು. ಅವನ ಹೆಂಡತಿಯೂ ಮೊದಲು ನಕ್ಕಳು, ಆಮೇಲೆ ಅತ್ತಳು, ಆಮೇಲೆ ಸುಮ್ಮನಾದಳು. ಸುಮ್ಮನಾಗದವನು ಅವಳ ತಮ್ಮ ಒಬ್ಬನೇ. ಎ.ಸಿ. ರಿಪೇರಿ ಮಾಡುವ ಈ ತಮ್ಮನನ್ನು ಮನೆಯಲ್ಲಿ ಸಣ್ಣವನು ಎಂದೇ ಕರೆಯುತ್ತಿದ್ದರು. ಅವನು ಮೊದಲ ದಿನದಿಂದಲೇ ಬಾಲದ ಹಾಗೆ ಟ್ರ್ಯಾಕಿಗೆ ಬಂದ. "ಭಾವ, ನೀರು ಕುಡೀರಿ", "ಭಾವ, ಗ್ಲೌಸು" ಎಂದು ಅವನು ಕೂಗಿ ಕೂಗಿ, ಟೈರ್ ಬದಲಿಸುವವರಿಂದ ಹಿಡಿದು ಬಾವುಟ ಬೀಸುವವರವರೆಗೆ ಎಲ್ಲರಿಗೂ ಆತ ಭಾವನೇ ಆಗಿಬಿಟ್ಟ.

ಭಾವನ ಪ್ರಗತಿಯನ್ನು ಅಟ್ಟಕ್ಕೇರಿಸಿ ಹೇಳುವಂತಿಲ್ಲ. ಮೊದಲ ವರ್ಷ ಕೊನೆಯವನಾಗಿ ಬಂದ. ಎರಡನೆಯ ವರ್ಷ ಕೊನೆಯವನಿಗಿಂತ ಮುಂದೆ ಬಂದ, ಅದೂ ಆ ಕೊನೆಯವನ ಗಾಡಿ ಕೆಟ್ಟು ನಿಂತದ್ದರಿಂದ. ಮೂರನೆಯ ವರ್ಷ ಕೈ ಕುದುರಿತು. ಕಲಿಸುತ್ತಿದ್ದವರು ಒಬ್ಬ ಮುದಿ ಡ್ರೈವರು; ಬೆಲ್ಟ್ ಮಾಸ್ತರು ಎಂದೇ ಅವರ ಅಡ್ಡಹೆಸರು. ಅವರಿಗೆ ವೇಗದ ಮೇಲೆ ಆಸೆಯೇ ಇದ್ದಂತಿರಲಿಲ್ಲ. "ಮೊದಲು ಸೊಂಟದ್ದು, ಆಮೇಲೆ ತೊಡೆ ನಡುವಿಂದು, ಆಮೇಲೆ ಭುಜದ್ದು. ಕೊನೇಲಿ ಕತ್ತಿಂದು. ಉಸಿರು ಬಿಟ್ಟು ಎಳೀರಿ. ಇನ್ನೂ ಎಳೀರಿ." ಕತ್ತಿನದು ಎಂದರೆ ಹೆಗಲ ಮೇಲೆ ಕೂರುವ ಗಟ್ಟಿ ಕಾಲರು. ಅದರ ಎರಡು ಪುಟ್ಟ ಬೆಲ್ಟುಗಳನ್ನು ಹೆಲ್ಮೆಟ್ಟಿನ ಎರಡೂ ಕಡೆ ಸಿಕ್ಕಿಸಬೇಕು. ಗಾಡಿ ಗೋಡೆಗೆ ಬಡಿದಾಗ ಮೈ ನಿಂತರೂ ತಲೆ ನಿಲ್ಲುವುದಿಲ್ಲ, ಮುಂದಕ್ಕೆ ಹಾರುತ್ತದೆ. ಅದನ್ನು ಹಿಡಿದಿಡುವುದು ಆ ಎರಡು ಬೆಲ್ಟು.

ಆ ವರ್ಷವೇ ಒಂದು ಶನಿವಾರ ಭಾವನ ಕಾರು ತಿರುವಿನಲ್ಲಿ ಜಾರಿ, ಪಲ್ಟಿ ಹೊಡೆದು, ಗೋಡೆಗೆ ಬಡಿದು ನಿಂತಿತು. ಕಾರಿನ ಗುರುತೇ ಸಿಗದಂತಾಗಿತ್ತು. ಭಾವ ಕಿಟಕಿಯಿಂದ ತೂರಿ ಹೊರಬಂದು, ಎದ್ದು ನಿಂತು, ಕುಡಿಯಲು ನೀರು ಕೇಳಿದ.

ಮರುದಿನ ಭಾನುವಾರ, ಚರ್ಚಿನ ಸಭೆಯಲ್ಲಿ ಆರಾಧನೆ. ಕೊನೆಗೆ ಸಾಕ್ಷಿ ಹೇಳುವುದು ಅಲ್ಲಿನ ರೂಢಿ: ದೇವರು ಮಾಡಿದ ಉಪಕಾರವನ್ನು ಎಲ್ಲರ ಮುಂದೆ ಎದ್ದು ಹೇಳಬೇಕು. ಎಂದಿನಂತೆ ಒಬ್ಬರಿಗೆ ಜ್ವರ ಬಿಟ್ಟಿತ್ತು, ಇನ್ನೊಬ್ಬರಿಗೆ ಕಳೆದ ಬೀಗದ ಕೈ ಸಿಕ್ಕಿತ್ತು. ಆಮೇಲೆ ಭಾವ ಎದ್ದ. "ಕಾರು ತಲೆಕೆಳಗಾಯ್ತು. ಆಗ ಯಾರೋ ನನ್ನ ಎದೆ ಮೇಲೆ ಕೈ ಇಟ್ಟು ಸೀಟಿಗೆ ಒತ್ತಿ ಹಿಡ್ಕೊಂಡ ಹಾಗಾಯ್ತು" ಎಂದ. ಮುಂದಿನ ಮಾತು ನಾಲಿಗೆಯ ತುದಿಯಲ್ಲೇ ಇತ್ತು: ಬೆಲ್ಟೆಲ್ಲ ಬಿಗಿಯಾಗಿದ್ದವು, ಕಲಿಸಿದ ಮಾಸ್ತರನ್ನು ಕೊಟ್ಟ ದೇವರಿಗೆ ವಂದನೆ. ಅಷ್ಟರಲ್ಲಿ ಮೊದಲ ಸಾಲಿನಲ್ಲಿದ್ದ ಅತ್ತೆ, ಸಣ್ಣವನ ತಾಯಿ, ಎದ್ದು "ದೇವರಿಗೆ ಸ್ತೋತ್ರ" ಎಂದರು. ಸಭೆಗೆ ಸಭೆಯೇ "ಸ್ತೋತ್ರ" ಎಂದಿತು. ಪಾಸ್ಟರು ಕಣ್ಣೊರೆಸಿಕೊಂಡರು. ಹಿಂದಿನ ಬೆಂಚಿನಲ್ಲಿ ಸಣ್ಣವನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ. ಬ್ರೆಡ್ಡಿನವನನ್ನು ಅಷ್ಟು ಜನ ಹಾಗೆ ನೋಡಿದ್ದು ಅದೇ ಮೊದಲು. ಭಾವನಿಗೆ ಹಿತವಾಗಿತ್ತು. ಉಳಿದ ಮಾತನ್ನು ನುಂಗಿಕೊಂಡು ಕುಳಿತುಬಿಟ್ಟ. ಸುಳ್ಳು ಹೇಳಿದ ಎನ್ನಲಾಗದು, ದೇವರೇ ಕಾಪಾಡಿದ್ದೆಂದು ಅವನು ಮನಸಾರೆ ನಂಬಿದ್ದ. ಅರ್ಧ ಹೇಳಿ ಕುಳಿತ, ಅಷ್ಟೇ.

ಸುದ್ದಿ ಮಾಸ್ತರ ಕಿವಿಗೂ ಬಿತ್ತು. "ನಿಮ್ಮ ದೇವರ ಕೈಗೆ ಬಕಲ್ ಇತ್ತು ಅಂತಾನೂ ಹೇಳ್ಬೇಕಿತ್ತು ಕಣಯ್ಯ" ಎಂದರು. ಭಾವ ನಕ್ಕು ಮಾತು ಹಾರಿಸಿದ.

ಮರುವರ್ಷ ಸಣ್ಣವನೂ ಸೀಟಿನಲ್ಲಿ ಕೂತ. ಭಾವನಿಗಿಂತ ಚುರುಕು, ಭಾವನಿಗಿಂತ ಬೇಗ ಕಲಿತ. ಒಂದು ಮಧ್ಯಾಹ್ನ ಅದೇ ತಿರುವಿನಲ್ಲಿ ಅವನ ಕಾರು ಗೋಡೆಗೆ ಮೂತಿ ಹೊಡೆಯಿತು. ದೊಡ್ಡ ಪೆಟ್ಟೂ ಅಲ್ಲ, ಕಾರಿನ ಮುಂಭಾಗ ಮಾತ್ರ ನುಗ್ಗಾಗಿತ್ತು. ಆದರೆ ಅವನು ಏಳಲಿಲ್ಲ. ಕತ್ತಿನ ಮೂಳೆ ಮುರಿದಿದೆ, ಕತ್ತಿನ ಕೆಳಗೆ ಇನ್ನು ಏನೂ ಅಲ್ಲಾಡುವುದಿಲ್ಲ ಎಂದರು ಡಾಕ್ಟರು.

ಮಾಸ್ತರು ಭಾವನನ್ನು ಶೆಡ್ಡಿಗೆ ಕರೆದು ಸಣ್ಣವನ ಕಾಲರನ್ನು ಕೈಗಿಟ್ಟರು. ಎರಡು ಪುಟ್ಟ ಬೆಲ್ಟುಗಳೂ ಹೊಸದರಂತಿದ್ದವು. ಕೊಕ್ಕೆ ಮುರಿದಿರಲಿಲ್ಲ, ಒಂದು ಎಳೆಯೂ ಹಿಗ್ಗಿರಲಿಲ್ಲ. "ನಾನೇ ಸಿಕ್ಕಿಸಿದ್ದೆ, ಎಳೆದೂ ನೋಡಿದ್ದೆ. ರೇಸ್ ಶುರುವಾಗೋಕೆ ಮುಂಚೆ ಸಾಲಲ್ಲಿ ಕಾಯೋವಾಗ ಅವನೇ ಬಿಚ್ಚಿದಾನೆ" ಎಂದರು. ಯಾಕೆ ಎಂದು ಅವರು ಕೇಳಲಿಲ್ಲ. ಅಂದಿನಿಂದ ಭಾವನಿಗೆ ಪ್ರಾರ್ಥನೆ ಬರುತ್ತಿಲ್ಲ. ಮಂಡಿಯೂರಿದರೆ ಆ ಎರಡು ಕೊಕ್ಕೆಗಳೇ ಕಣ್ಣಿಗೆ ಕಟ್ಟುತ್ತವೆ.

ಅತ್ತೆಯ ಮನೆಯ ಮುಂದಿನ ಕೋಣೆಯಲ್ಲಿ ಈಗ ಆಸ್ಪತ್ರೆಯಂಥದೇ ಮಂಚ. ಅತ್ತೆ ಮಗನ ಮೈ ಒರೆಸುತ್ತಾರೆ, ಮಗ್ಗುಲು ಬದಲಿಸುತ್ತಾರೆ, ಚಮಚೆಯಲ್ಲಿ ಗಂಜಿ ಕುಡಿಸುತ್ತಾರೆ. ಅಳಿಯನನ್ನು ಕಂಡಾಗಲೆಲ್ಲ ಒಂದೇ ಮಾತು: "ನಿಮ್ಮನ್ನ ಹಿಡಿದ ಕೈ ಇವನನ್ನೂ ಎಬ್ಬಿಸುತ್ತೆ." ಭಾವ ತಲೆ ತಗ್ಗಿಸಿ ಬ್ರೆಡ್ಡನ್ನು ಮೇಜಿನ ಮೇಲಿಟ್ಟು ಹೊರಡುತ್ತಾನೆ.

ಒಂದು ಭಾನುವಾರ ಸಂಜೆ ಪಾಸ್ಟರು ನಾಲ್ಕಾರು ಜನರೊಡನೆ ಪ್ರಾರ್ಥನೆಗೆ ಬರುವವರಿದ್ದರು. ಅತ್ತೆಯೂ ಹೆಂಡತಿಯೂ ಅಡುಗೆಮನೆಯಲ್ಲಿದ್ದರು. ಭಾವ ಮಂಚದ ಪಕ್ಕ ಸ್ಟೂಲು ಎಳೆದುಕೊಂಡ.

"ಯಾಕೋ ಬಿಚ್ಚಿದೆ?"

ಸಣ್ಣವನು ಸೂರು ನೋಡುತ್ತಲೇ ಇದ್ದ. "ಮಾಸ್ತರು ಹೇಳಿದ್ರಾ?" ಎಂದ. ಆಮೇಲೆ ಮೆಲ್ಲಗೆ, "ನಿಮ್ಮ ಸಾಕ್ಷೀಲಿ ಬೆಲ್ಟು ಎಲ್ಲಿತ್ತು ಭಾವ? ಕೈ ಮಾತ್ರ ಇತ್ತು. ನಿಮಗಿರೋ ನಂಬಿಕೆ ನನಗೂ ಇದೆಯಾ ನೋಡೋಣ ಅನ್ನಿಸ್ತು. ಎಲ್ಲಾ ಬಿಚ್ಚೋಕೆ ಧೈರ್ಯ ಸಾಲಲಿಲ್ಲ. ಅದಕ್ಕೇ ಕತ್ತಿಂದು ಮಾತ್ರ ಬಿಚ್ಚಿದೆ." ಸ್ವಲ್ಪ ಹೊತ್ತು ಉಸಿರು ಎಳೆದುಕೊಂಡ. "ಅರ್ಧ ನಂಬಿಕೆ. ಅದಕ್ಕೇ ಕೈ ಬರ್ಲಿಲ್ಲ ಅಂತ ಕಾಣುತ್ತೆ."

ಭಾವ ಸ್ಟೂಲನ್ನು ಇನ್ನೂ ಹತ್ತಿರ ಎಳೆದುಕೊಂಡ. ಇವನು ಇಷ್ಟು ದಿನ ಇಲ್ಲಿ ಮಲಗಿ ಯೋಚಿಸಿದ್ದು ಇದನ್ನು. ಕೈಕಾಲು ಹೋಯಿತೆಂದಲ್ಲ, ತಾನು ದೇವರಿಗೆ ಸಾಲಲಿಲ್ಲ ಎಂದು.

"ನಿನ್ನ ನಂಬಿಕೆ ಕಡಿಮೆ ಆಗಿದ್ದಲ್ಲ ಕಣೋ. ನಾನು ಎಲ್ಲಾ ಬೆಲ್ಟೂ ಹಾಕಿದ್ದೆ, ಕತ್ತಿಂದೂ ಹಾಕಿದ್ದೆ. ಎದೆ ಒತ್ತಿ ಹಿಡಿದದ್ದು ಬೆಲ್ಟೇ. ಅದರ ಬರೆ ಎಷ್ಟೋ ದಿನ ಮೈಮೇಲಿತ್ತು, ಬೇಕಾದ್ರೆ ನಿಮ್ಮಕ್ಕನ್ನ ಕೇಳು."

"ಅವತ್ತು ಯಾಕೆ ಹೇಳ್ಲಿಲ್ಲ?"

"ಹೇಳೋಣ ಅಂತಿದ್ದೆ. ಅಷ್ಟರಲ್ಲಿ ಎಲ್ಲರೂ ಸ್ತೋತ್ರ ಅಂದ್ರು." ಭಾವ ಮುಖ ಮುಚ್ಚಿಕೊಂಡ. "ನನಗೆ ಚೆನ್ನಾಗಿತ್ತು ಕಣೋ."

ಬೈದರೆ ಬೈಸಿಕೊಳ್ಳಲು, ಉಗಿದರೆ ಒರೆಸಿಕೊಳ್ಳಲು ಅವನು ಸಿದ್ಧನಾಗಿದ್ದ. ಸಣ್ಣವನು ಎರಡನ್ನೂ ಮಾಡಲಿಲ್ಲ. ಕಣ್ಣಿನಿಂದ ನೀರು ಇಳಿದು ಕಿವಿಯೊಳಗೆ ಹೋಯಿತು. ಭಾವ ಟವೆಲ್ಲಿನಿಂದ ಒರೆಸಿದ.

"ಅಮ್ಮನಿಗೆ ಹೇಳ್ಬೇಡಿ" ಎಂದ ಸಣ್ಣವನು. "ನಿಮ್ಮ ಸಾಕ್ಷಿ ಒಂದನ್ನೇ ಹಿಡ್ಕೊಂಡು ಅವಳು ಬೆಳಿಗ್ಗೆ ಏಳ್ತಾಳೆ."

ಅಷ್ಟರಲ್ಲಿ ಪಾಸ್ಟರು ಬಂದರು, ಜನ ಬಂದರು, ಕುರ್ಚಿ ಸಾಲದೆ ಕೆಲವರು ನಿಂತರು. ಹಾಡಾಯಿತು, ಬೈಬಲಿನ ವಾಕ್ಯ ಓದಿದ್ದಾಯಿತು. ಅತ್ತೆ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಮುಂದೆ ಬಂದರು.

"ಅಳಿಯಂದ್ರೇ, ಆ ಸಾಕ್ಷಿ ಇನ್ನೊಂದ್ಸಲ ಹೇಳಿ. ಇವನು ಕೇಳಿಸ್ಕೊಳ್ಲಿ."

ಭಾವ ಎದ್ದು ನಿಂತ. ಅತ್ತೆಯ ಮುಖ ನೋಡಿದ. ಮಂಚದ ಕಡೆ ನೋಡಲಾಗಲಿಲ್ಲ. ಕಾರು ಜಾರಿದ್ದು ಹೇಳಿದ, ತಲೆಕೆಳಗಾದದ್ದು ಹೇಳಿದ. ಯಾರೋ ಎದೆಯ ಮೇಲೆ ಕೈ ಇಟ್ಟು ಸೀಟಿಗೆ ಒತ್ತಿ ಹಿಡಿದರು ಎಂದ. ಮುಂದಿನದು ಬೆಲ್ಟಿನ ಮಾತು. ಬಾಯಿ ತೆರೆದೇ ಇತ್ತು.

ಅತ್ತೆಗಿಂತ ಮೊದಲು, ಪಾಸ್ಟರಿಗಿಂತ ಮೊದಲು, ಮಂಚದ ಮೇಲಿಂದ ಸಣ್ಣವನು "ಸ್ತೋತ್ರ" ಎಂದ.