ನನ್ನ ಜಾಲಿಯ ಬುಡ

ಹನಿ ಬೀಳುತ್ತಿದೆ, ನೆನೆಹಾಕಿದ ಮೆಕ್ಕೆಜೋಳದ ಸಿಪ್ಪೆಗಳನ್ನು ಆ ಹುಡುಗಿ ಮರಿಸೆಲಾ ಬಕೆಟ್ಟಿನಿಂದ ಎತ್ತಿ ಮೇಜಿಗೆ ತರುವಷ್ಟರಲ್ಲಿ ಅಡುಗೆಮನೆಯ ನೆಲವೆಲ್ಲ ಒದ್ದೆ, ಕೆಳಗೊಂದು ಬಟ್ಟೆ ಹಿಡಿಯಬಾರದೇ, ತುಂಬು ಬಸುರಿ, ಜಾರಿ ಬಿದ್ದರೆ ಅದಕ್ಕೂ ನಾನೇ ಹೊಣೆ — ಕ್ರಿಸ್‌ಮಸ್ಸಿನ ತಮಾಲೆ ಕಡುಬಿಗೆ ಮನೆಯವರಷ್ಟೇ ಕೂತರೆ ಸಾಕು ಅಂತ ನನ್ನ ಹೆಂಡತಿ ನೆಲ್ಡಾಗೆ ಹೇಳಿದ್ದೆ, ಕೇಳಿದರೆ ತಾನೆ, ಹಿತ್ತಿಲ ಕೋಣೆಯಲ್ಲಿ ಬಾಡಿಗೆಗಿರುವವಳು ಅಲ್ಲೇ ಇರಲಿ, ಅವಳಿಗೂ ಇಲ್ಲ ಅವಳ ಗಂಡನಿಗೂ ಇಲ್ಲ ಈ ದೇಶದ ಒಂದು ಚೂರು ಕಾಗದ, ಗಡಿಯ ಹೊಳೆ ದಾಟಿ ಬಂದ ಒದ್ದೆ ಜನ, ನಾಳೆ ಹೆತ್ತ ಕೂಡಲೇ ಕೂಸು ಮಾತ್ರ ಅಮೆರಿಕದ ಪ್ರಜೆ, ಚೆನ್ನಾಗಿದೆ ಲೆಕ್ಕ. ಟೀವಿಯಲ್ಲೂ ಅದೇ ಮಾತು, ಇಲ್ಲಿ ಹುಟ್ಟಿದ ಮಾತ್ರಕ್ಕೆ ಇಲ್ಲಿಯವರೇ ಅಂತ, ವಾಷಿಂಗ್ಟನ್ನಿನಲ್ಲಿ ಕೋಟು ಹಾಕಿದವರು ಕಿತ್ತಾಡುತ್ತಿದ್ದಾರೆ, ಕಿತ್ತಾಡುವುದೇನಿದೆ ಅದರಲ್ಲಿ, ಬೆಕ್ಕು ನನ್ನ ಟ್ರಕ್ಕಿನಲ್ಲಿ ಮರಿ ಹಾಕಿದರೆ ಟ್ರಕ್ಕು ಮರಿಗಳ ಹೆಸರಿಗೆ ಹೋಗುತ್ತದೆಯೇ, ಜೋರಾಗಿಯೇ ಅಂದೆ, ಕೇಳಿಸಲಿ ಅಂತಲೇ ಅಂದೆ, ಅವಳು ತಲೆಯೆತ್ತಲಿಲ್ಲ, ಚಮಚದ ಬೆನ್ನಿನಿಂದ ಸಿಪ್ಪೆಗೆ ಹಿಟ್ಟು ಬಳಿಯುತ್ತಿದ್ದಳು, ತೆಳ್ಳಗೆ, ಅಂಚಿನವರೆಗೂ, ಅಮ್ಮ ಬಳಿಯುತ್ತಿದ್ದ ಹಾಗೇ, ಅದನ್ನು ಕಂಡು ಇನ್ನೂ ಸಿಟ್ಟು ಬಂತು. ಸಾಕು ಬಾಲ್ದೆಮಾರ್, ಬಾಯ್ಮುಚ್ಚಿಕೊಂಡು ಮಾಂಸ ಬಿಡಿಸು ಅಂದಳು ನೆಲ್ಡಾ.

ನಾನೇಕೆ ಬಾಯಿ ಮುಚ್ಚಲಿ, ನನ್ನ ಮನೆ, ನಾನು ಗಾರ್ಸಾ ಮನೆತನದವನು, ನಾವು ಗಡಿ ದಾಟಿದವರಲ್ಲ, ಗಡಿಯೇ ನಮ್ಮನ್ನು ದಾಟಿ ಹೋಗಿದ್ದು, ಟೆಕ್ಸಸ್ಸಿಗೆ ಬಾವುಟ ಹುಟ್ಟುವ ಮೊದಲೇ ಸ್ಪೇನಿನ ದೊರೆ ಗಾರ್ಸಾಗಳಿಗೆ ಈ ದಂಡೆಯ ನೆಲ ಕೊಟ್ಟಿದ್ದ, ನಾನು ಸೈನ್ಯದಲ್ಲಿದ್ದಾಗ ಬಿಳಿಯ ಸಾರ್ಜೆಂಟೊಬ್ಬ ಎಲ್ಲಿಂದ ಬಂದೆಯೋ ಅಂದಾಗ ಇದನ್ನೇ ಮುಖಕ್ಕೆ ಹೊಡೆದ ಹಾಗೆ ಹೇಳಿದ್ದೆ, ನನ್ನ ಹೊಕ್ಕುಳಬಳ್ಳಿ ಅಗೋ ಅಲ್ಲಿದೆ, ಕಿಟಕಿಯಾಚೆ, ನೆರೆಮನೆಯ ಎಲೊಯ್ಸಾ ದೊಡ್ಡಮ್ಮನ ಅಂಗಳದ ಜಾಲಿಯ ಬುಡದಲ್ಲಿ, ಬಳ್ಳಿ ಹೂತ ನೆಲವೇ ನಮ್ಮ ನೆಲ, ಅದಕ್ಕಿಂತ ಸಾಕ್ಷಿ ಬೇಕೇ — ಅಮ್ಮ ಅದನ್ನು ಆಗಾಗ ತೋರಿಸುತ್ತಿದ್ದಳು, ಅಲ್ಲಿದೆ ನೋಡು ನಿಂದು, ಮಾತು ಕಡಿಮೆ ಅಮ್ಮನಿಗೆ, ವಿಚಿತ್ರದ ಹೆಂಗಸು, ಯಾರ ಮನೆಯ ಹೊಸ್ತಿಲಾದರೂ ಸರಿ, ಒಳಗೆ ಹೋಗುವ ಮೊದಲು ಲಂಗದ ಅಂಚು ಹಿಡಿದು ಹಿಂಡುತ್ತಿದ್ದಳು, ಒಣ ಲಂಗ, ಮಳೆಯಿಲ್ಲ ನೀರಿಲ್ಲ, ಆದರೂ ಎರಡೂ ಕೈಯಿಂದ ತಿರುವಿ, ಕೊಡವಿ, ಆಮೇಲೆ ಒಳಗೆ, ನನ್ನ ಮದುವೆಯ ದಿನ ಚರ್ಚಿನ ಬಾಗಿಲಲ್ಲೂ ಹಾಗೇ, ನೆಲ್ಡಾಳ ಕಡೆಯವರು ಮುಸಿಮುಸಿ ನಕ್ಕಿದ್ದರು, ನನಗೆ ನಾಚಿಕೆಯಾಗಿತ್ತು, ಏನಮ್ಮ ಇದು ಅಂದರೆ ಅಭ್ಯಾಸ ಕಣೋ ಅಂದಿದ್ದಳು.

ಈಗ ಈ ಮರಿಸೆಲಾ ಏನೋ ಕೇಳುತ್ತಿದ್ದಾಳೆ, ಮೇಜಿನ ತುದಿಗೆ ಕೂತು ತಮಾಲೆ ಮಡಚುತ್ತಿರುವ ದೊಡ್ಡಮ್ಮನನ್ನು, ಸಣ್ಣ ದನಿಯಲ್ಲಿ — ದೊಡ್ಡಮ್ಮ, ಮಗುವಿನ ಬಳ್ಳಿ ಉದುರಿದ ಮೇಲೆ ನಿಮ್ಮ ಜಾಲಿ ಕೆಳಗೆ ಹೂಳಬಹುದಾ. ಎಲ್ಲಿಗೆ ಬಂತು ನೋಡಿ, ಕೋಣೆ ಕೊಟ್ಟೆವು, ಮೇಜಿಗೆ ಕರೆದೆವು, ಈಗ ನನ್ನ ಮರದ ಬುಡವೇ ಬೇಕಂತೆ. ಆಗಲ್ಲ ಅಂದೆ, ಅಲ್ಲಿರೋದು ನಂದು, ನಿನ್ನ ಮಗೂದನ್ನ ಆಚೆ ದಡಕ್ಕೆ ತಗೊಂಡೋಗಿ ನಿಮ್ಮಮ್ಮನ ಅಂಗಳದಲ್ಲಿ ಹೂತುಕೋ. ಸಿಪ್ಪೆಯ ನೀರು ತೊಟ್ಟಿಕ್ಕುತ್ತಿತ್ತು. ಆಮೇಲೆ ದೊಡ್ಡಮ್ಮ, ಮಡಚುವುದನ್ನು ನಿಲ್ಲಿಸದೆಯೇ, ಮರ ನಂದು ಕಣೋ ಅಂದಳು, ನಮ್ಮಮ್ಮ ಸೂಲಗಿತ್ತಿ ಅಂತ ಕೇಳ್ಕೊಂಡು ನಿಮ್ಮಮ್ಮ ಹೊಳೆ ದಾಟಿ ಬಂದಳು, ನೋವು ಶುರುವಾಗಿತ್ತು, ಎದೆಮಟ್ಟ ನೀರಂತೆ, ನಾನಾಗ ಹುಡುಗಿ, ಒಲೆ ಮುಂದೆ ಕೂತಿದ್ದೆ. ಸುಳ್ಳು ಅಂದೆ, ನಾವು ಗಾರ್ಸಾಗಳು ಅಂದೆ. ಹೂಂ, ಗಾರ್ಸಾನೇ, ನಿಮ್ಮಪ್ಪ ಆ ದೊಡ್ಡ ಗಾರ್ಸಾಗಳ ಹೊಲದಲ್ಲಿ ಈರುಳ್ಳಿ ಕೀಳ್ತಿದ್ದ, ಅವನೂ ಹಿಂಗೇ ಬಂದವನು, ಮನೆತನದ ಹೆಸರು ಒಂದೇ ಇತ್ತು ಅಷ್ಟೆ, ನಿಮ್ಮಮ್ಮ ಹೇಳಬೇಡ ಅಂದಿದ್ಲು, ಅದಕ್ಕೇ ಇಷ್ಟು ದಿನ ಬಾಯಿ ಬಿಡಲಿಲ್ಲ, ಈಗ ನೀನಾಡಿದೆಯಲ್ಲ, ಇದೇ ಮಾತನ್ನೇ ನಮ್ಮಪ್ಪ ಆಡಿದ್ದು, ಹಡೆಯೋಕೆ ಬಂದಿದಾಳೆ ಒದ್ದೆಯವಳು, ಒಳಗೆ ಬಿಡಬೇಡ ಅಂತ, ಆವಾಗ ನಿಮ್ಮಮ್ಮ ಹೊಸ್ತಿಲಾಚೆ ನಿಂತು, ನೆಲ ಒದ್ದೆ ಮಾಡಲ್ಲ ಅಣ್ಣ, ನೆಲ ಒದ್ದೆ ಮಾಡಲ್ಲ ಅಂತ, ನೋವು ತಿನ್ನುತ್ತಾ ಲಂಗ ಹಿಂಡ್ತಾನೇ ಇದ್ಲು, ನಮ್ಮಮ್ಮ ಕೈ ಹಿಡಿದು ಎಳಕೊಳ್ಳೋವರೆಗೂ.

ಮುದುಕಿಗೆ ಅರುಳುಮರುಳು, ಈ ವಯಸ್ಸಿನಲ್ಲಿ ಯಾವುದನ್ನು ಯಾವುದಕ್ಕೆ ಕಟ್ಟುತ್ತಾಳೋ, ಸ್ಪೇನಿನ ದೊರೆ, ಈರುಳ್ಳಿ, ಮಾಂಸ ಆರಿಹೋಗುತ್ತಿದೆ, ಬಿಡಿಸಬೇಕು, ಟೀವಿಯವನು ಇನ್ನೂ ಅರಚುತ್ತಿದ್ದಾನೆ, ಯಾರು ಇಲ್ಲಿಯವರು ಯಾರು ಅಲ್ಲ, ಯಾರಾದರೂ ಅದನ್ನು ಆರಿಸಿ, ಮರಿಸೆಲಾ ಹೊಟ್ಟೆ ಹಿಡಿದುಕೊಂಡು ಕಷ್ಟಪಟ್ಟು ಬಗ್ಗುತ್ತಿದ್ದಾಳೆ, ನೆಲ ಒರೆಸ್ತೀನಿ ಯಜಮಾನ್ರೆ ಅನ್ನುತ್ತಿದ್ದಾಳೆ, ಬೇಡ ಅನ್ನಬೇಕು — ಚರ್ಚಿನ ಬಾಗಿಲು, ಅವರ ನಗು, ನನ್ನ ನಾಚಿಕೆ, ಅಮ್ಮ ಹೊಸ್ತಿಲಾಚೆ ನಿಂತಿದ್ದಾಳೆ, ಒಳಗೆ ಬಾ ಅಮ್ಮ, ಒಣಗಿದೆ ಅಮ್ಮ, ಅವಳು ಕೇಳುತ್ತಿಲ್ಲ, ಒಣ ಲಂಗದ ಅಂಚನ್ನು ಎರಡೂ ಕೈಯಿಂದ ಹಿಂಡುತ್ತಿದ್ದಾಳೆ, ಹಿಂಡುತ್ತಲೇ ಇದ್ದಾಳೆ