ಹಲ್ಲಿನ ಡಾಕ್ಟರು ದೇವರನ್ನು ಹುಡುಕಿದ್ದು

ಹಲ್ಲಿನ ಡಾಕ್ಟರಿಗೆ ಮನುಷ್ಯರೆಂದರೆ ಮೊದಲಿನಿಂದಲೂ ತಾತ್ಸಾರ. ದಿನಾ ಎರಡು ಹೊತ್ತು ಹಲ್ಲುಜ್ಜುತ್ತೇನೆ ಎಂದ ಬಾಯನ್ನೇ ತೆರೆಸಿ, ಅದರ ಸುಳ್ಳನ್ನು ಪುಟ್ಟ ಕನ್ನಡಿಯಲ್ಲಿ ನೋಡುತ್ತ ಆಯುಷ್ಯ ಕಳೆದವರು ಅವರು. ದೇವರ ವಿಷಯಕ್ಕಂತೂ ತಾತ್ಸಾರವೂ ಇರಲಿಲ್ಲ. ಆ ಕಡೆ ತಲೆ ಹಾಕಿಯೂ ಮಲಗಿದವರಲ್ಲ.

ಒಂದು ಬೆಳಿಗ್ಗೆ ಬಚ್ಚಲಲ್ಲಿ ಕಾಲು ಜಾರಿ ಬಿದ್ದರು. ಸೊಂಟ ಹಿಡಿದುಕೊಂಡಿತು. ಮಾರುಕಟ್ಟೆಗೆ ಹೋಗಿದ್ದ ಅಕ್ಕ ಬರುವ ತನಕ ಒದ್ದೆ ನೆಲದ ಮೇಲೇ ಬಿದ್ದಿದ್ದರು. ಹಾಸಿಗೆಯಿಂದ ಎದ್ದವರೇ, "ಅಕ್ಕಾ, ಒಬ್ಬ ದೇವರನ್ನ ನೋಡ್ಕೋಬೇಕು" ಎಂದರು.

"ಹೆಣ್ಣು ನೋಡೋ ಕಾಲಕ್ಕೇ ನಿನಗೆ ಯಾರೂ ಹಿಡಿಸ್ಲಿಲ್ಲ. ಈಗ ದೇವರು ಹಿಡಿಸ್ತಾನಾ?" ಎಂದಳು ಅಕ್ಕ.

"ಒಬ್ಬನೇ ಇದ್ದಾನೆ ಅನ್ನೋರ ಹತ್ರ ಮಾತ್ರ ಹೋಗ್ತೀನಿ. ನನಗೆ ಸಂತೆ ಆಗಲ್ಲ."

ಮೊದಲು ಚರ್ಚಿಗೆ ಹೋದರು. ಪಾದ್ರಿ ಎರಡೂ ಕೈ ಹಿಡಿದುಕೊಂಡು, "ಬನ್ನಿ ಬನ್ನಿ, ನಿಮ್ಮನ್ನೇ ಕಾಯ್ತಿದ್ವಿ" ಎಂದರು. ಚಹಾ ಬಂತು, ಬಿಸ್ಕತ್ತು ಬಂತು. ಗುರುತಿಲ್ಲದ ಮುದುಕಿಯೊಬ್ಬಳು ಕೆನ್ನೆ ಸವರಿ, ದೇವರಿಗೆ ನೀವೆಂದರೆ ಪ್ರೀತಿ ಎಂದಳು. ಡಾಕ್ಟರು ಮನೆಗೆ ಬಂದು ಕೆನ್ನೆ ತೊಳೆದುಕೊಂಡರು. "ಕಂಡಕಂಡೋರನ್ನೆಲ್ಲ ಪ್ರೀತಿಸೋ ದೇವರು ನನ್ನೂ ಪ್ರೀತಿಸಿದ್ರೆ ಅದರಲ್ಲಿ ನನ್ನ ಹೆಚ್ಚುಗಾರಿಕೆ ಏನು?"

ಆಮೇಲೆ ಮಸೀದಿ. ಅಲ್ಲಿ ಸಾಲಿನಲ್ಲಿ ಭುಜಕ್ಕೆ ಭುಜ ತಾಗಿಸಿ ನಿಂತವನು ಅವರ ಕಾರು ತೊಳೆಯುವವನೇ. ಬಾಗಿದಾಗ ಡಾಕ್ಟರ ಸೊಂಟ ಮತ್ತೆ ಹಿಡಿದುಕೊಂಡಿತು. ಅವನೇ ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿದ. ಮೌಲ್ವಿ ನಗುತ್ತ, "ಇಲ್ಲಿ ದೊಡ್ಡೋರು ಚಿಕ್ಕೋರು ಇಲ್ಲ ಡಾಕ್ಟ್ರೇ" ಎಂದರು. ಡಾಕ್ಟರಿಗೆ ಅದೇ ನುಂಗಲಾರದ ತುತ್ತಾಯಿತು.

ಉಳಿದದ್ದು ಯಹೂದಿಗಳ ಪ್ರಾರ್ಥನಾಮಂದಿರ. ಅಲ್ಲಿಯ ಮುದಿ ಗುರು ಬಾಗಿಲನ್ನು ಅರ್ಧ ಮಾತ್ರ ತೆರೆದರು.

"ಏನು ಬೇಕಿತ್ತು?"

"ನಂಬಿಕೆ."

"ನಮ್ಮಲ್ಲಿ ಕಟ್ಟುಪಾಡು ಜಾಸ್ತಿ, ಸುಖ ಕಮ್ಮಿ. ಮನೆಗೆ ಹೋಗಿ" ಎಂದು ಬಾಗಿಲು ಹಾಕಿಕೊಂಡರು.

ಡಾಕ್ಟರ ಮೈಯೆಲ್ಲ ಉರಿದುಹೋಯಿತು. ಬಂದ ಗಿರಾಕಿಯನ್ನು ಅಟ್ಟುವ ಅಂಗಡಿ ಎಲ್ಲಾದರೂ ಉಂಟೇ ಎಂದು ದಾರಿಯುದ್ದಕ್ಕೂ ಗೊಣಗಿದರು. ಆದರೆ ಕರೆದು ಉಪಚರಿಸಿದ ಎರಡು ಕಡೆಗೂ ಮತ್ತೆ ತಲೆ ಹಾಕದವರು ಅಟ್ಟಿದ ಕಡೆಗೆ ಇನ್ನೊಮ್ಮೆ ಹೋದರು. ಮತ್ತೆ ಅಟ್ಟಿಸಿಕೊಂಡರು.

ಕೆಲವು ದಿನಗಳಲ್ಲಿ ಆ ಗುರುವೇ ಕೆನ್ನೆ ಊದಿಸಿಕೊಂಡು ದವಾಖಾನೆಗೆ ಬಂದರು. ಸೂಜಿ ಕಂಡದ್ದೇ ಕುರ್ಚಿಯ ತೋಳನ್ನು ಗಟ್ಟಿಯಾಗಿ ಹಿಡಿದರು. ಡಾಕ್ಟರಿಗೆ ಹಾಲು ಕುಡಿದಷ್ಟು ಸಂತೋಷ.

"ದೇವರನ್ನ ನಂಬಿದೋರು ಇಷ್ಟು ಹೆದರ್ತೀರಾ?"

"ದೇವರ ಮೇಲೆ ನಂಬಿಕೆ ಇದೆ ಡಾಕ್ಟ್ರೇ. ನಿಮ್ಮ ಮೇಲಿಲ್ಲ."

"ಮತ್ತೆ ಯಾಕೆ ಬಂದ್ರಿ?"

"ನೋವು ತಡ್ಕೊಳ್ಳೋಕಾಗ್ಲಿಲ್ಲ."

ಡಾಕ್ಟರು ಸೂಜಿ ಚುಚ್ಚಿದರು. ಕೊಳೆತ ದವಡೆಹಲ್ಲನ್ನು ಕಿತ್ತರು, ಹತ್ತಿ ತುರುಕಿ ಕಚ್ಚಿ ಹಿಡಿಯಲು ಹೇಳಿದರು. ಇನ್ನು ಈ ಮನುಷ್ಯ ಎದುರು ಮಾತಾಡಲಾರ ಎಂದು ಖಾತ್ರಿಯಾದ ಮೇಲೆ, ಅಕ್ಕನಿಗೂ ಹೇಳದ ಮಾತನ್ನು ಹೇಳಿದರು.

"ಅವತ್ತು ಬಚ್ಚಲಲ್ಲಿ ಬಿದ್ದಾಗ ಕಾಪಾಡು ಅಂತ ಕೂಗ್ಬೇಕು ಅನ್ನಿಸ್ಲಿಲ್ಲ ನನಗೆ. ಬೈಬೇಕು ಅನ್ನಿಸ್ತು. ಯಾರನ್ನ ಬೈಲಿ? ಗೊತ್ತಿರೋರನ್ನೆಲ್ಲ ಆಗ್ಲೇ ಬೈದು ಮುಗಿಸಿದ್ದೆ."

ಮುದುಕರ ಭುಜ ಅಲುಗತೊಡಗಿತು. ಡಾಕ್ಟರು ಗಾಬರಿಯಾಗಿ ಬಗ್ಗಿ ನೋಡಿದರೆ ನಗುತ್ತಿದ್ದರು. ಹತ್ತಿ ತೆಗೆದು, ಮರಗಟ್ಟಿದ ತುಟಿಯಲ್ಲೇ, "ಬೈಯೋಕಾದ್ರೆ ಬನ್ನಿ. ನಮ್ಮ ಹಿರೀಕರೂ ದೇವರನ್ನ ಸುಮ್ನೆ ಬಿಟ್ಟೋರಲ್ಲ" ಎಂದರು.

"ಹತ್ತಿ ತೆಗೀಬೇಡಿ ಅಂದಿದ್ನಲ್ರೀ!" ಎಂದು ಡಾಕ್ಟರು ರೇಗಿದರು.

ಶನಿವಾರದ ಪ್ರಾರ್ಥನೆಗೆ ಹೋಗಿ ಮಂದಿರದ ಹಿಂದಿನ ಬೆಂಚಿನಲ್ಲಿ ಕುಳಿತರು. ಹಾಡುವವರ ದನಿ ಒಡಕು. ಪಕ್ಕದವನ ಆಕಳಿಕೆಯಲ್ಲಿ ಹುಳುಕು ಹಲ್ಲು ಕಂಡವು. ತಾತ್ಸಾರ ಎಳ್ಳಷ್ಟೂ ಕಡಿಮೆಯಾಗಲಿಲ್ಲ. ಆದರೂ ಕಣ್ಣು ಮುಚ್ಚಿ, ಹೊಟ್ಟೆಯಲ್ಲಿದ್ದ ಬೈಗುಳವನ್ನೆಲ್ಲ ಮನಸ್ಸಿನಲ್ಲೇ ಬೈದರು. ಬೈಯುತ್ತ ಬೈಯುತ್ತ, ಎದುರಿಗೆ ಯಾರೋ ಕೇಳಿಸಿಕೊಳ್ಳುತ್ತಿದ್ದಾರೆ ಅನ್ನಿಸಿತು.

ಮನೆಗೆ ಬಂದವರನ್ನು ಅಕ್ಕ ಕೇಳಿದಳು, "ಏನಾಯ್ತೋ?"

"ಒಬ್ಬ ಇದ್ದಾನೆ ಅನ್ಸುತ್ತೆ. ನನ್ನ ಸಹಿಸ್ಕೋತಾನೋ ಇಲ್ವೋ ಗೊತ್ತಿಲ್ಲ."

"ನಿನ್ನ ಸಹಿಸ್ಕೊಳ್ಳೋಕೆ ಒಬ್ಬ ಸಾಲಲ್ಲ ಕಣೋ," ಎಂದು ಅಕ್ಕ ತಟ್ಟೆ ಮುಂದಿಟ್ಟಳು.