ದೀಪದ ಕಂಬದ ಪಕ್ಕ

ಅವನಿಗೆ ಜನ ಇಟ್ಟಿದ್ದ ಹೆಸರು ಖಾಲಿಬೀದಿ. ಜೀವಮಾನವಿಡೀ ಪೇಟೆಯ ಬೀದಿಗಳ ಚಿತ್ರವನ್ನೇ ಬರೆದ. ಒಂದರಲ್ಲೂ ನರಪಿಳ್ಳೆ ಇಲ್ಲ. ಮನುಷ್ಯರು ನಿಂತಲ್ಲಿ ನಿಲ್ಲುವುದಿಲ್ಲ, ಗೋಡೆಗಳು ನಿಲ್ಲುತ್ತವೆ ಎನ್ನುತ್ತಿದ್ದ. ಆ ಖಾಲಿತನಕ್ಕೇ ಮಾರುಹೋದ ದೊಡ್ಡವರು ಚಿತ್ರಗಳನ್ನು ಕೊಂಡರು, ಹೊಗಳಿ ಅಟ್ಟಕ್ಕೇರಿಸಿದರು. ಇವನೂ ಏರಿ ಕೂತ.

ಒಳಗುಟ್ಟು ಹೆಂಡತಿಗೆ ಗೊತ್ತಿತ್ತು. ಬಾಗಿಲೆಷ್ಟು ಎತ್ತರ, ಕಂಬವೆಷ್ಟು ಎತ್ತರ ಎಂಬ ಅಳತೆಗಾಗಿ ಅವನು ಅವಳನ್ನೇ ಬೀದಿಗೆ ಕಳಿಸಿ ನಿಲ್ಲಿಸುತ್ತಿದ್ದ. ಮೊದಲು ಅವಳನ್ನು ಬರೆಯುವುದು, ಅವಳ ಅಳತೆಗೆ ಬೀದಿ ಕಟ್ಟುವುದು, ಕೊನೆಗೆ ಅವಳ ಮೇಲೆ ಗೋಡೆಯ ಬಣ್ಣ ಬಳಿದುಬಿಡುವುದು. ಮುಗಿದಾಗ ಕಿಟಕಿಯಿಂದ "ಸಾಕು, ಬಾರೇ" ಎಂದು ಕೂಗುತ್ತಿದ್ದ. ಎಷ್ಟೋ ಸಲ ಕೂಗಲು ಮರೆಯುತ್ತಿದ್ದ. ಆ ಪುಣ್ಯಾತಗಿತ್ತಿ ನಿಂತೇ ಇರುತ್ತಿದ್ದಳು.

ಅವಳು ತೀರಿಕೊಂಡ ಮೇಲೆ ಮಗಳು ಕೇಳಿದಳು: "ಅಪ್ಪಾ, ಊರೆಲ್ಲಾ ಬರೆದ್ಯಲ್ಲ, ಅಮ್ಮಂದು ಒಂದಾದ್ರೂ ಚಿತ್ರ ಇದ್ಯಾ?"

ಒಂದೂ ಇರಲಿಲ್ಲ. ಅವನು ನೆನಪಿನಿಂದಲೇ ಬರೆಯಲು ಕೂತ. ಗೋಡೆಗಳ ಬಿರುಕೆಲ್ಲ ಬಾಯಿಪಾಠ. ಅವಳು ನಿಲ್ಲುವ ಬಗೆ ಮಾತ್ರ ಕೈಗೆ ಬರಲೊಲ್ಲದು. ಅಳಿಸಿ ಅಳಿಸಿ ಆ ಕೈಗೆ ಅವಳು ಮರೆತೇಹೋಗಿದ್ದಳು. ಕುಂಚ ಎಸೆದು ಬಿಕ್ಕಿ ಬಿಕ್ಕಿ ಅತ್ತ. ಆಮೇಲೆ ಆ ಮನೆಯಲ್ಲಿ ಸದ್ದೆಂದರೆ ನಲ್ಲಿಯದು, ಅದೂ ತೊಟ್ಟಿಕ್ಕಿದಾಗ.

ಹೀಗಿರುವಾಗ ಕೆಳಬೀದಿಯ ಕ್ಷೌರಿಕ ಹೇಳಿಕಳಿಸಿದ. ಅವನ ಅಂಗಡಿಯಲ್ಲಿ ಖಾಲಿಬೀದಿ ಮದುವೆಯಾದ ಹೊಸತರಲ್ಲಿ ಬರೆದುಕೊಟ್ಟ ಚಿತ್ರವೊಂದು ತೂಗುತ್ತಿತ್ತು.

"ನೋಡಿ ಸಾರ್, ನಿಮ್ಮ ಚಿತ್ರದಲ್ಲಿ ಏನೋ ಕಪ್ಪಗೆ ಎದ್ದಿದೆ. ಬೂಷ್ಟು ಹಿಡಿದಿದೆ ಅಂತ ಗಿರಾಕಿಗಳು ಆಡ್ಕೋತಾರೆ. ಸ್ವಲ್ಪ ಬಣ್ಣ ಬಳಿದುಬಿಡಿ."

ಬಣ್ಣದ ಪೆಟ್ಟಿಗೆ ಹಿಡಿದೇ ಬಂದಿದ್ದ ಮುದುಕ ಕನ್ನಡಕ ಏರಿಸಿ ಹತ್ತಿರ ಹೋದ. ಎಣ್ಣೆಬಣ್ಣ ಹಳತಾದಂತೆ ತೆಳುವಾಗುತ್ತದೆ, ಅಡಿಯಲ್ಲಿದ್ದದ್ದು ಮೇಲೆ ಕಾಣುತ್ತದೆ, ಅವನಿಗೆ ಗೊತ್ತಿದ್ದದ್ದೇ. ಆದರೂ ಕನ್ನಡಕ ಒರೆಸಿ ಮತ್ತೆ ನೋಡಿದ. ದೀಪದ ಕಂಬದ ಪಕ್ಕ, ಒಂದೇ ಕಾಲಿನ ಮೇಲೆ ಭಾರ ಬಿಟ್ಟು, ಸೊಂಟದ ಮೇಲೆ ಕೈಯಿಟ್ಟು, ಅವಳು ಅವನ ಕಿಟಕಿಯತ್ತಲೇ ನೋಡುತ್ತ ನಿಂತಿದ್ದಳು.

"ಹೋಗುತ್ತಾ ಸಾರ್?" ಕ್ಷೌರಿಕ ಕೇಳಿದ.

"ಬೂಷ್ಟು ಅಲ್ಲಪ್ಪ. ನನ್ನ ಹೆಂಡ್ತಿ."

ಕ್ಷೌರಿಕ ಕತ್ತರಿ ಕೆಳಗಿಟ್ಟ. ಮುದುಕ ಪೆಟ್ಟಿಗೆ ತೆರೆಯಲೇ ಇಲ್ಲ. ಕುರ್ಚಿ ಎಳೆದುಕೊಂಡು ಚಿತ್ರದೆದುರು ಕೂತು, ಅಂಗಡಿ ತುಂಬ ಗಿರಾಕಿಗಳಿದ್ದಾರೆ ಎಂಬುದನ್ನೂ ಮರೆತು, ಗಟ್ಟಿಯಾಗಿ ಕೂಗಿದ:

"ಸಾಕು, ಬಾರೇ."